ಅಲ್ಯೂಮಿನಿಯಂಗೆ ಸೆರಾಮಿಕ್ ಪುಡಿ ಬೆರೆಸಿದರೆ, ತೂಕ ಅಷ್ಟೇನೂ ಹೆಚ್ಚದೆ ಅದು ಸುಲಭವಾಗಿ ಬಾಗದಂತಾಗುವುದು ಹೇಗೆ?

ಒಳಗಿರುವ ಸೆರಾಮಿಕ್ ಕಣಗಳು ತಮ್ಮ ಪಾಲಿಗಿಂತ ಜಾಸ್ತಿ ಬಲ ಹೊರುತ್ತವೆ, ಅದಕ್ಕೆ. ಸಾಮಾನ್ಯವಾಗಿ ಬೆರೆಸುವುದು ಸಿಲಿಕಾನ್ ಕಾರ್ಬೈಡ್, ಅಂದರೆ ಉಜ್ಜುವ ಕಾಗದದ ಮೇಲೆ ಅಂಟಿಸಿರುತ್ತಾರಲ್ವಾ, ಅದೇ ಕಪ್ಪು ಪುಡಿ. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ ತೂಗಿದರೆ ಇದು ಸುಮಾರು 3.2 ಗ್ರಾಂ. ಉಕ್ಕು 7.8. ಆದರೆ ಬಾಗದೆ ನಿಲ್ಲುವುದರಲ್ಲಿ ಈ ಪುಡಿಯ ವಸ್ತು ಅಲ್ಯೂಮಿನಿಯಂಗಿಂತ ಸುಮಾರು ಆರು ಪಟ್ಟು ಮುಂದು.

ಬೇರೆ ಲೋಹ ಬೆರೆಸಿಯೋ ಕಾಯಿಸಿಯೋ ಅಲ್ಯೂಮಿನಿಯಂ ಅನ್ನು ಗಟ್ಟಿ ಮಾಡಬಹುದಲ್ಲ ಅನ್ನಿಸಬಹುದು. ಹಾಗೆ ಮಾಡಿದರೆ ಅದು ಮುರಿಯುವುದು ಕಷ್ಟವಾಗುತ್ತದೆ, ನಿಜ. ಆದರೆ ಅದೇ ಭಾರಕ್ಕೆ ಹೆಚ್ಚುಕಮ್ಮಿ ಅಷ್ಟೇ ಬಾಗುತ್ತದೆ. ಬಾಗುವಿಕೆ ನಿಂತಿರುವುದು ಪರಮಾಣುಗಳ ನಡುವಿನ ಹಿಡಿತದ ಮೇಲೆ, ಅದು ಇದರಿಂದ ಅಷ್ಟಾಗಿ ಬದಲಾಗುವುದಿಲ್ಲ. ಗಟ್ಟಿ ಹಿಡಿತವಿರುವ ಇನ್ನೊಂದು ವಸ್ತುವನ್ನೇ ಒಳಗೆ ಕೂರಿಸಬೇಕು. ನೂರರಲ್ಲಿ ಇಪ್ಪತ್ತು ಭಾಗ ಪುಡಿ ಸೇರಿದರೆ ಬಾಗುವಿಕೆಗೆ ತಡೆ ಸುಮಾರು 40% ಏರುತ್ತದೆ, ತೂಕ ಏರುವುದು ಮೂರ್ನಾಲ್ಕು ಶೇಕಡಾ ಅಷ್ಟೇ.

ಸುಮ್ನೆ ಬೆರೆಸಿದರೆ ಸಾಲದು. ಕಣಕ್ಕೂ ಲೋಹಕ್ಕೂ ಅಂಟು ಸರಿಯಾಗಿರಬೇಕು, ಇಲ್ಲದಿದ್ದರೆ ಬಲ ಕಣಕ್ಕೆ ದಾಟುವುದೇ ಇಲ್ಲ. ನನ್ನ ಪ್ರಕಾರ ನಿಜವಾದ ತಲೆನೋವು ಇದೇ.

ಬೆಲೆಯೂ ತೆರಬೇಕು. ಎಳೆದರೆ ಹಿಗ್ಗುವ ಗುಣ ಬಹಳ ಕಡಿಮೆಯಾಗುತ್ತದೆ, ಬಿರುಕು ಬೇಗ ಬರುತ್ತದೆ. ಕತ್ತರಿಸಲು ಹೋದರೆ ಮಾಮೂಲಿ ಉಪಕರಣದ ಬಾಯಿ ಬೇಗ ಸವೆಯುತ್ತದೆ, ವಜ್ರದ ತುದಿಯದ್ದೇ ಬೇಕಾಗುತ್ತದೆ. 1996ರ ಲೋಟಸ್ ಎಲೀಸ್ ಕಾರಿನ ಬ್ರೇಕ್ ಡಿಸ್ಕ್‌ಗಳನ್ನು ಮೊದಲು ಇಂಥ ಪುಡಿ ಬೆರೆಸಿದ ಅಲ್ಯೂಮಿನಿಯಂನಲ್ಲೇ ಮಾಡಿದ್ದರು, ಆಮೇಲೆ ಎರಕದ ಕಬ್ಬಿಣಕ್ಕೆ ಮರಳಿದರು.