ಉಕ್ತಲೇಖನದಲ್ಲಿ ಮಳೆ ಬಳೆಯಾದಾಗ

ಸಲಹೆ ಕೇಳಲು ಬಂದ ತಾಯಿ ಕುಳಿತವರೇ ಚೀಲದಿಂದ ಮಗನ ಕನ್ನಡ ನೋಟ್ ಪುಸ್ತಕ ತೆಗೆದು ನನ್ನ ಮುಂದಿಟ್ಟರು. ಪುಟದ ತುಂಬ ಕೆಂಪು ಗೆರೆ, ಕೆಳಗೆ ‘ಗಮನವಿಲ್ಲ’ ಎಂಬ ಷರಾ. “ಇವನು ದಡ್ಡನಲ್ಲ ಎಂದು ನೀವಾದರೂ ಹೇಳಿ ಮೇಡಂ” ಎಂದರು. ಹುಡುಗ ಪಕ್ಕದಲ್ಲಿ ನಮ್ಮಿಬ್ಬರ ತುಟಿಗಳನ್ನೇ ನೋಡುತ್ತ ಕುಳಿತಿದ್ದ.

ಅವನನ್ನು ರವಿ ಎಂದು ಕರೆಯೋಣ. ಹೆಸರು ಅವನದಲ್ಲ; ಗುರುತು ಸಿಗಬಹುದಾದ ಇನ್ನೂ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಒಂಬತ್ತು ವರ್ಷ, ಹಳ್ಳಿಯ ಶಾಲೆಯಲ್ಲಿ ನಾಲ್ಕನೆಯ ತರಗತಿ. ಎರಡೂ ಕಿವಿಗಳಲ್ಲಿ ಸುಮಾರು 65 ಡೆಸಿಬೆಲ್ ಶ್ರವಣದೋಷ, ಅಂದರೆ ಮಾಮೂಲಿ ದನಿಯ ಮಾತು ಬರಿಗಿವಿಗೆ ಸರಿಯಾಗಿ ಕೇಳಿಸದು. ಐದನೆಯ ವರ್ಷದಿಂದ ಶ್ರವಣಸಾಧನ ಹಾಕಿಕೊಳ್ಳುತ್ತಾನೆ. ಮನೆಯಲ್ಲಿ ಎಲ್ಲರೂ ಅದಕ್ಕೆ ಮಷಿನ್ ಎನ್ನುತ್ತಾರೆ. ಶಾಲೆಯವರ ದೂರು ಮೂರು: ತರಗತಿಯಲ್ಲಿ ಮಷಿನ್ ತೆಗೆದಿಡುತ್ತಾನೆ, ಹೇಳಿದ್ದಕ್ಕೆ ತದ್ವಿರುದ್ಧ ಮಾಡುತ್ತಾನೆ, ಕೇಳಿದರೆ ಅರ್ಥವಾಯಿತು ಎಂದು ಸುಳ್ಳು ಹೇಳುತ್ತಾನೆ. ‘ಇಂಥ ಮಕ್ಕಳ ಶಾಲೆಗೆ ಸೇರಿಸಿಬಿಡಿ’ ಎಂದು ಎರಡು ಬಾರಿ ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದ್ದರಂತೆ.

ನಾನು ಪುಸ್ತಕವನ್ನು ನಿಧಾನವಾಗಿ ಓದಿದೆ. ‘ಮಳೆ’ ಇರಬೇಕಾದ ಕಡೆ ‘ಬಳೆ’. ‘ಮರ’ ಇರಬೇಕಾದ ಕಡೆ ‘ಬರ’. ‘ಮಾತು’ ಹೋಗಿ ‘ಬಾತು’. ಒತ್ತಕ್ಷರ, ದೀರ್ಘ, ಕೊಂಬು ಎಲ್ಲ ಸರಿಯಾಗಿಯೇ ಇದ್ದವು. ತಾಯಿಗೆ ಕೈಗನ್ನಡಿ ಕೊಟ್ಟು, ಸದ್ದು ಹೊರಡಿಸದೆ ಮಳೆ, ಬಳೆ ಎಂದು ಹೇಳಿ ನೋಡಿಕೊಳ್ಳಿ ಎಂದೆ. ಅವರು ಎರಡು ಸಲ ಹೇಳಿಕೊಂಡರು, ಮೂರನೆಯ ಸಲಕ್ಕೆ ಕಣ್ಣು ತುಂಬಿಕೊಂಡಿತು. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ಮಷಿನ್ ಇಲ್ಲದ ಹೊತ್ತಿನಲ್ಲಿ ಹುಡುಗ ಕಣ್ಣಿನಿಂದ ಉಕ್ತಲೇಖನ ಬರೆಯುತ್ತಿದ್ದ. ಅಷ್ಟು ಗಮನ ಆ ತರಗತಿಯಲ್ಲಿ ಬೇರೆ ಯಾರಿಗೂ ಇದ್ದಿರಲಾರದು.

ಹಾಗಾದರೆ ಮಷಿನ್ ತೆಗೆಯುವುದೇಕೆ? ತಾಯಿಯನ್ನು ಹೊರಗೆ ಕೂರಿಸಿ, ಕಿಟಕಿಯ ಬೆಳಕು ನನ್ನ ಮುಖದ ಮೇಲೆ ಬೀಳುವಂತೆ ಕುಳಿತು ರವಿಯನ್ನೇ ಕೇಳಿದೆ. “ಅದು ಕೂಗುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ” ಎಂದ. ಕಿವಿಯೊಳಗೆ ಕೂರುವ ಅಚ್ಚನ್ನು ಪರೀಕ್ಷಿಸಿದಾಗ ಬೆರಳು ತಾಕಿದರೂ ಅಲುಗಾಡುತ್ತಿತ್ತು. ಎರಡು ವರ್ಷದ ಹಿಂದೆ ತೆಗೆದ ಅಚ್ಚು ಅದು. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ. ಅಚ್ಚು ಸಡಿಲವಾದರೆ ಒಳಗಿನ ಸದ್ದು ಹೊರಗೆ ಸೋರಿ, ಮತ್ತೆ ಮೈಕಿಗೆ ಹೋಗಿ ಸಿಳ್ಳೆ ಹೊಡೆಯುತ್ತದೆ. ಚಿಕ್ಕ ಮಕ್ಕಳಿಗೆ ಅಚ್ಚನ್ನು ಆಗಾಗ ಬದಲಿಸಲೇಬೇಕು ಎಂಬುದನ್ನು ಈ ತಾಯಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಬ್ಯಾಟರಿ ಉಳಿಸಲೆಂದು ರಾತ್ರಿ ಅದರ ಸ್ಟಿಕರನ್ನು ಮತ್ತೆ ಅಂಟಿಸಿಡುತ್ತಿದ್ದರು, ಪಾಪ. ಸ್ಟಿಕರ್ ಕಿತ್ತು ಗಾಳಿ ತಾಗಿದ ಮೇಲೆ ಆ ಬ್ಯಾಟರಿ ತನ್ನಷ್ಟಕ್ಕೆ ಇಳಿಯುತ್ತಲೇ ಇರುತ್ತದೆ, ಮತ್ತೆ ಅಂಟಿಸಿ ಹೆಚ್ಚಿನ ಪ್ರಯೋಜನವಿಲ್ಲ. ಮೊದಲ ಸಲಹೆಯಾಗಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಹೊಸ ಅಚ್ಚು ಮಾಡಿಸಿ, ಕಿವಿಯ ಪರೀಕ್ಷೆಯನ್ನೂ ಹೊಸದಾಗಿ ಮಾಡಿಸಿ ಎಂದೆ. ಅಲ್ಲಿಯವರೆಗೆ ಮಷಿನ್ ವಿಷಯಕ್ಕೆ ಒಂದು ಮಾತೂ ಬೈಯಬಾರದು ಎಂದು ತಂದೆಗೂ ಫೋನಿನಲ್ಲಿ ಹೇಳಿದೆ.

‘ತದ್ವಿರುದ್ಧ’ ಮಾಡುತ್ತಾನೆ ಎಂಬ ದೂರು ನನ್ನನ್ನು ಹೆಚ್ಚು ಕಾಡಿತು. ತಾಯಿ ಒಂದು ಪ್ರಸಂಗ ಹೇಳಿದರು. ನಾಳೆ ಬಣ್ಣದ ಬಟ್ಟೆ ಹಾಕಿಕೊಂಡು ಬರಬಾರದು ಎಂದು ಮೇಷ್ಟ್ರು ಹೇಳಿದ್ದ ಮರುದಿನ ರವಿಯೊಬ್ಬನೇ ಹಳದಿ ಅಂಗಿ ತೊಟ್ಟು ಹೋಗಿ, ಇಡೀ ಬೆಳಿಗ್ಗೆ ಹೊರಗೆ ನಿಂತಿದ್ದ. ನಮ್ಮ ಭಾಷೆಯ ಬೇಕು ಬೇಡಗಳೆಲ್ಲ ಇರುವುದು ವಾಕ್ಯದ ಬಾಲದಲ್ಲಿ. ಬರಬೇಕು, ಬರಬಾರದು; ತನ್ನಿ, ತರಬೇಡಿ. ಮಾತನಾಡುವಾಗ ನಮ್ಮ ದನಿ ಇಳಿಯುವುದೂ ಅಲ್ಲಿಯೇ. ಅರೆಬರೆ ಕೇಳುವ ಮಗುವಿಗೆ ‘ಬಣ್ಣದ ಬಟ್ಟೆ’ ತಲುಪುತ್ತದೆ, ‘ಬಾರದು’ ಕಳೆದುಹೋಗುತ್ತದೆ. ಅದನ್ನು ಉದ್ಧಟತನ ಎಂದು ಕರೆದದ್ದು ಅನ್ಯಾಯ.

ಪೋಷಕರ ಒಪ್ಪಿಗೆ ಪಡೆದು ಶಾಲೆಗೆ ಹೋದೆ. ಮೇಷ್ಟ್ರು ಕೆಟ್ಟವರಲ್ಲ, ಎರಡು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಂಡು ಒಬ್ಬರೇ ಹೆಣಗುತ್ತಿದ್ದರು. “ಮುಂದಿನ ಬೆಂಚಿನಲ್ಲೇ ಕೂರಿಸಿದ್ದೇನಲ್ಲ ಮೇಡಂ, ಇನ್ನೇನು ಮಾಡಲಿ?” ಎಂದರು. ಆ ಬೆಂಚು ಬಾಗಿಲ ಪಕ್ಕದಲ್ಲಿತ್ತು, ಆಚೆ ಅಡುಗೆಮನೆಯ ಪಾತ್ರೆಗಳ ಸದ್ದು. ಮಷಿನ್ ಮೇಷ್ಟ್ರ ಮಾತನ್ನೂ ಪಾತ್ರೆಯ ಸದ್ದನ್ನೂ ಒಟ್ಟಿಗೇ ದೊಡ್ಡದು ಮಾಡುತ್ತದೆ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಬರೆಯುತ್ತಲೇ ವಿವರಿಸುತ್ತಿದ್ದರು. ಹಿಂದಿನ ಮಕ್ಕಳು ಉತ್ತರ ಹೇಳಿದಾಗ ಯಾರು ಹೇಳಿದರೆಂಬುದೇ ರವಿಗೆ ತಿಳಿಯುತ್ತಿರಲಿಲ್ಲ.

ಅವರ ಕೆಲಸ ಹೆಚ್ಚಿಸದ ಸಲಹೆಗಳನ್ನೇ ಕೊಟ್ಟೆ. ಅವನನ್ನು ಗೋಡೆಯ ಬದಿಯ ಎರಡನೆಯ ಬೆಂಚಿಗೆ ಬದಲಿಸಿ, ತುಸು ತಿರುಗಿದರೆ ಎಲ್ಲರ ಮುಖವೂ ಕಾಣಲಿ. ಬರೆದು ಮುಗಿಸಿ, ತಿರುಗಿ, ಆಮೇಲೆ ಮಾತನಾಡಿ. ಕಿರುಚಬೇಡಿ, ಕಿರುಚಿದರೆ ತುಟಿಯ ಆಕಾರವೂ ಕೆಡುತ್ತದೆ. ಉಕ್ತಲೇಖನದಲ್ಲಿ ಬಿಡಿ ಪದದ ಬದಲು ‘ಮಳೆ ಬಂದು ಹಳ್ಳ ತುಂಬಿತು’ ಎಂದು ವಾಕ್ಯವನ್ನೇ ಕೊಡಿ. ನಾಳೆಯ ಸೂಚನೆಯನ್ನು ಬೋರ್ಡಿನ ಮೂಲೆಯಲ್ಲಿ ಒಂದು ಸಾಲು ಬರೆದುಬಿಡಿ. ‘ಅರ್ಥವಾಯಿತೇ?’ ಎಂದು ಕೇಳಬೇಡಿ. ನಗೆಪಾಟಲಾಗುವ ಭಯಕ್ಕೆ ಯಾವ ಮಗುವೂ ತಲೆಯಾಡಿಸುತ್ತದೆ. ‘ನಾನು ಏನು ಹೇಳಿದೆ, ಹೇಳು ನೋಡೋಣ’ ಎನ್ನಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ವಿಶೇಷ ಶಿಕ್ಷಕರನ್ನು, ಅಂದರೆ ಬಿ.ಐ.ಇ.ಆರ್.ಟಿ. ಅವರನ್ನು, ಬರಮಾಡಿಕೊಳ್ಳಿ ಎಂದು ಮುಖ್ಯ ಶಿಕ್ಷಕರಿಗೂ ತಿಳಿಸಿದೆ.

ಬೇರೆ ಶಾಲೆಯ ಮಾತಿಗೆ ತಾಯಿ ತುಂಬ ಹೆದರಿದ್ದರು. ಅವರಿಗೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ವಿವರಿಸಿದೆ. ಶೇಕಡಾ 40 ಅಥವಾ ಅದಕ್ಕೂ ಹೆಚ್ಚಿನ ನ್ಯೂನತೆಯ ಪ್ರಮಾಣಪತ್ರವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದು ನೆರೆಯ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಎಂಬ ಆಯ್ಕೆ ಮಗುವಿನ ಕಡೆಯವರದು. ವಿಶೇಷ ಶಾಲೆಯನ್ನು ನಾನು ಕೀಳೆಂದು ತಿಳಿದಿಲ್ಲ. ಸಂಜ್ಞಾಭಾಷೆಯಲ್ಲಿ ಅರಳುವ ಮಕ್ಕಳನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಸಡಿಲವಾದ ಒಂದು ಅಚ್ಚಿನ ಕಾರಣಕ್ಕೆ ಮಗುವನ್ನು ಊರಿನಿಂದ, ಗೆಳೆಯರಿಂದ ಕೀಳಬಾರದು ಎಂದು ಗಟ್ಟಿಯಾಗಿ ಹೇಳಿದೆ.

ರವಿಗೂ ಒಂದು ಕೆಲಸ ಕೊಟ್ಟಿದ್ದೆ: ತರಗತಿಯವರಿಗೆ ತನ್ನ ಮಷಿನ್ ತೋರಿಸುವುದು. ಬೇಡವೆನಿಸಿದರೆ ಬೇಡ ಎಂದೂ ಹೇಳಿದ್ದೆ. ಹೊಸ ಅಚ್ಚು ಬಂದು ಮೂರು ವಾರದ ಮೇಲೆ ತಾನಾಗಿಯೇ ತೋರಿಸಿದನಂತೆ. ಅಚ್ಚಿನ ಬಣ್ಣ ನೀಲಿ, ಅವನೇ ಆರಿಸಿದ್ದು.

ನಾಲ್ಕು ತಿಂಗಳ ನಂತರ ತಾಯಿ ಮತ್ತೆ ಅದೇ ಪುಸ್ತಕ ತಂದರು. ಮಳೆ ಮಳೆಯೇ ಆಗಿತ್ತು. ಎರಡು ಕಡೆ ಇನ್ನೂ ಪ, ಬ ಅದಲುಬದಲಾಗಿದ್ದವು. ಮೇಷ್ಟ್ರು ಗೆರೆ ಎಳೆಯದೆ ಮಗ್ಗುಲಲ್ಲಿ ಸರಿಯಾದ ಪದ ಬರೆದಿದ್ದರು. ಗುಂಪಿನಲ್ಲಿ ಎಲ್ಲರೂ ಒಟ್ಟಿಗೆ ಮಾತನಾಡಿದರೆ ಈಗಲೂ ಅವನಿಗೆ ಕಷ್ಟ. ಜೋರು ಮಳೆ ಶೀಟಿನ ಮೇಲೆ ಹೊಡೆದಾಗ ಮಷಿನ್ ತೆಗೆದು ಡಬ್ಬಿಯಲ್ಲಿಡುತ್ತಾನೆ. ಮಳೆ ನಿಲ್ಲುವವರೆಗೆ ಮೇಷ್ಟ್ರು ಇಡೀ ತರಗತಿಗೆ ಬರೆಯುವ ಕೆಲಸ ಕೊಡುತ್ತಾರಂತೆ.