ಹಿಡಿಯನ್ನು ಕೊರೆಯಿರಿ, ಅಲಗನ್ನು ಬಿಡಿ

ಪ್ರಶ್ನೆ: ನನ್ನಲ್ಲಿ ಮಡಚುವ ಚಾಕು ಒಂದಿದೆ. ಅಲಗು 9 ಸೆಂ.ಮೀ.; ಹಿಡಿಗೆ ಎರಡೂ ಬದಿ ಬೀಟೆ ಮರ, ಅದರೊಳಗೆ ಉಕ್ಕಿನ ಪಟ್ಟಿ. ಅಡುಗೆಮನೆಯ ತಕ್ಕಡಿಯಲ್ಲಿ 128 ಗ್ರಾಂ ತೂಗುತ್ತದೆ. ಚಾರಣಕ್ಕೆ ಹೋದಾಗ ಜೇಬು ಜೋತುಬೀಳುತ್ತದೆ. ಅಲಗಿನಲ್ಲಿ ಮೂರು ದೊಡ್ಡ ರಂಧ್ರ ಕೊರೆಸಿದರೆ ಹಗುರಾಗುವುದಿಲ್ಲವೇ? ಇಲ್ಲಿನ ವೆಲ್ಡಿಂಗ್ ಅಂಗಡಿಯವರು ಕೊರೆದುಕೊಡಲು ಒಪ್ಪಿದ್ದಾರೆ.
- ಓದುಗರೊಬ್ಬರು, ಶಿರಸಿ

ಉತ್ತರ: ವೆಲ್ಡಿಂಗ್ ಅಂಗಡಿಯವರಿಗೆ ಒಂದು ಚಹಾ ಕುಡಿಸಿ, ಚಾಕುವನ್ನು ಹಾಗೆಯೇ ಮನೆಗೆ ತನ್ನಿ. ಮೊದಲು ಲೆಕ್ಕ ನೋಡೋಣ. ಉಕ್ಕು ಒಂದು ಘನ ಸೆಂ.ಮೀ.ಗೆ ಸುಮಾರು 7.8 ಗ್ರಾಂ ತೂಗುತ್ತದೆ. ಅಲಗಿನ ದಪ್ಪ 3 ಮಿ.ಮೀ. ಎಂದುಕೊಂಡರೆ, 8 ಮಿ.ಮೀ.ನ ಒಂದು ರಂಧ್ರದಿಂದ ಹೋಗುವುದು 1.2 ಗ್ರಾಂ. ಮೂರಕ್ಕೆ ಮೂರೂವರೆ ಗ್ರಾಂ. ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದ ತೂಕ, ಅಷ್ಟೇ!

ಅಷ್ಟಕ್ಕೆ ನೀವು ಕಳೆದುಕೊಳ್ಳುವುದು ಏನನ್ನು? ಹದ ಕೊಟ್ಟ, ಅಂದರೆ ಕಾಯಿಸಿ ತಣಿಸಿ ಗಟ್ಟಿಮಾಡಿದ ಅಲಗಿನ ಮೇಲೆ ಮಾಮೂಲಿ ಡ್ರಿಲ್ ಬಿಟ್ ಜಾರುತ್ತದೆ. ಜಾರಿದಾಗ ಕೊರೆಯುವವರು ಇನ್ನಷ್ಟು ಒತ್ತುತ್ತಾರೆ, ಒತ್ತಿದಷ್ಟೂ ಅಲಗು ಕಾಯುತ್ತದೆ. ಕಾರ್ಬನ್ ಉಕ್ಕು 300 ಡಿಗ್ರಿ ಸೆಲ್ಸಿಯಸ್ ಹತ್ತಿರ ನೀಲಿ ಬಣ್ಣಕ್ಕೆ ತಿರುಗುತ್ತದೆ. ಆ ನೀಲಿ ಅಲಗಿನ ಹರಿತವಾದ ಅಂಚಿನವರೆಗೆ ಹರಡಿತೆಂದರೆ ಅಲ್ಲಿನ ಹದ ಕೆಟ್ಟಿತೆಂದೇ ತಿಳಿಯಿರಿ. ಆಮೇಲೆ ಎಷ್ಟು ಸಾಣೆ ಹಿಡಿದರೂ ಬೇಗ ಮೊಂಡಾಗುತ್ತದೆ. ಬಿರುಕು ಬಿಡುವುದೂ ರಂಧ್ರದ ಅಂಚಿನಿಂದಲೇ. ಇನ್ನು ಮಾವಿನಹಣ್ಣು ಹೆಚ್ಚಿದಿರೋ, ಆ ಮೂರು ರಂಧ್ರಗಳಲ್ಲಿ ಕೂತ ನಾರನ್ನು ಕಡ್ಡಿ ಹಾಕಿ ಕೆದಕುತ್ತ ಕೂರಬೇಕು.

ತೂಕ ಅಡಗಿರುವುದು ಹಿಡಿಯೊಳಗೆ. ಟೂಲ್‌ರೂಮಿನಲ್ಲಿ ಫಿಟ್ಟರ್ ಆಗಿದ್ದ ಕಾಲದಿಂದಲೂ ನನ್ನದು ಒಂದೇ ಪದ್ಧತಿ: ಮೊದಲು ಬಿಚ್ಚು, ತೂಗು, ಆಮೇಲೆ ಡ್ರಿಲ್ ಹಿಡಿ. ನಿಮ್ಮ ಚಾಕು ಸ್ಕ್ರೂ ಹಾಕಿದ್ದಾದರೆ ಪ್ರತಿ ಭಾಗವನ್ನೂ ಬೇರೆಬೇರೆಯಾಗಿ ತೂಗಿ ಬರೆದಿಡಿ. ರಿವೆಟ್ ಹೊಡೆದದ್ದಾದರೆ ಬಿಚ್ಚುವ ಗೋಜಿಗೇ ಹೋಗಬೇಡಿ. ಈ ಅಳತೆಯ ಚಾಕುವಿನಲ್ಲಿ ಒಂದೂವರೆ ಮಿ.ಮೀ. ದಪ್ಪದ ಪಟ್ಟಿಗಳೆರಡೇ 50 ಗ್ರಾಂ ಆಸುಪಾಸು ತೂಗುತ್ತವೆ, ಅಂದರೆ ಅಲಗಿಗಿಂತ ಹೆಚ್ಚು. ಮರದ ಪಾಲು 15 ಗ್ರಾಂ ಇರಬಹುದು. ಅದನ್ನು ಕೆತ್ತಿ ತೆಳ್ಳಗೆ ಮಾಡಿದರೆ ಅಂಗೈಗೆ ನೋವು, ಲಾಭವಿಲ್ಲ.

ಪಟ್ಟಿಯ ಉಕ್ಕು ಸಾಮಾನ್ಯವಾಗಿ ಅಲಗಿನಷ್ಟು ಗಟ್ಟಿಯಿರುವುದಿಲ್ಲ. ಕೋಬಾಲ್ಟ್ ಬಿಟ್, ಕಡಿಮೆ ವೇಗ, ಧಾರಾಳ ಎಣ್ಣೆ. ಅಡಿಗೆ ಮರದ ತುಂಡಿಟ್ಟು ಭದ್ರವಾಗಿ ಬಿಗಿಯಿರಿ. ಕೈಯಲ್ಲಿ ಹಿಡಿದು ಕೊರೆದರೆ ಬಿಟ್ ಕಚ್ಚಿದ ಕ್ಷಣವೇ ಪಟ್ಟಿ ಗಿರ್ರನೆ ತಿರುಗಿ ಬೆರಳು ಸೀಳುತ್ತದೆ. ಬಿಟ್ ಜಾರದಂತೆ ಸೆಂಟರ್ ಪಂಚ್‌ನಿಂದ ಸಣ್ಣ ಗುಳಿ ಹೊಡೆದು, 3 ಮಿ.ಮೀ.ನಿಂದ ಶುರುಮಾಡಿ 8ಕ್ಕೆ ಹೋಗಿ. ಅಲಗು ತಿರುಗುವ ಕೀಲು, ತೆರೆದಾಗ ಅಲಗು ಆತು ನಿಲ್ಲುವ ಗೂಟ, ಸ್ಕ್ರೂ ಕೂರುವ ಜಾಗ, ಇವುಗಳ ಸುತ್ತ ಕೈಯಾಡಿಸಬೇಡಿ. ಒಂದು ಪಟ್ಟಿಯಲ್ಲಿ ನಾಲಗೆಯಂತೆ ಸೀಳಿ ಒಳಕ್ಕೆ ಬಾಗಿಸಿದ ಭಾಗವಿದ್ದರೆ ಅದೇ ತೆರೆದ ಅಲಗು ಮಡಚಿಕೊಳ್ಳದಂತೆ ತಡೆಯುವ ಬೀಗ. ಬೆರಳು ಉಳಿದಿರುವುದೇ ಅದರಿಂದ, ಹಾಗಾಗಿ ಅದರ ಬುಡಕ್ಕೂ ಡ್ರಿಲ್ ತಾಗಿಸಬಾರದು.

ಹೀಗೆ ಎರಡೂ ಪಟ್ಟಿಗಳಲ್ಲಿ ಆರಾರು ರಂಧ್ರ ಕೊರೆದರೆ 7 ಗ್ರಾಂ ಇಳಿಯುತ್ತದೆ. ಮರ ಮುಚ್ಚುವುದರಿಂದ ಹೊರಗೆ ಕಾಣುವುದಿಲ್ಲ, ಆದರೆ ಮಲೆನಾಡಿನ ತೇವ ಒಳಗೇ ನಿಂತೀತು. ತೆಳುವಾಗಿ ಎಣ್ಣೆ ಸವರಿ ಜೋಡಿಸಿ. ಜೇಬಿಗೆ ಸಿಕ್ಕಿಸುವ ಕ್ಲಿಪ್ ಬೇಡವೆಂದರೆ ಇನ್ನೂ ಐದಾರು ಗ್ರಾಂ. ಹಿಡಿಯ ಬೆನ್ನಿಗೆ ಉಕ್ಕಿನ ತುಂಡಿದ್ದರೆ ಅದೇ ಅಳತೆಗೆ ಅಲ್ಯೂಮಿನಿಯಂನಲ್ಲಿ ಮಾಡಿಸಿ. ತೂಕ ಮೂರನೇ ಒಂದಕ್ಕೆ ಇಳಿಯುತ್ತದೆ. ಆದರೆ ಆ ತುಂಡೇ ಅಲಗನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಆಗಿದ್ದರೆ ಮುಟ್ಟಬೇಡಿ. ಜೋಡಿಸಿದ ಮೇಲೆ ಅಲಗು ತೆರೆದು, ಬೆರಳನ್ನು ದಾರಿಯಿಂದ ದೂರವಿಟ್ಟು, ಬೆನ್ನನ್ನು ಮರದ ಮೇಲೆ ಮೆಲ್ಲಗೆ ತಟ್ಟಿ. ಮಡಚಿಕೊಂಡರೆ ಆ ಚಾಕು ಬಳಕೆಗಲ್ಲ.

ಎಲ್ಲ ಸೇರಿ 20 ಗ್ರಾಂ ಇಳಿದರೆ ಹೆಚ್ಚು. ರಜೆಯಲ್ಲಿ ಕೈಗೆ ಕೆಲಸ ಬೇಕಿದ್ದರೆ ಸಂತೋಷವಾಗಿ ಮಾಡಿ. ಜೇಬು ಹಗುರಾಗಲೇಬೇಕಿದ್ದರೆ ಬೇರೆ ಚಾಕು ಕೊಳ್ಳಿ. ಫ್ರಾನ್ಸಿನ ಸವೋಯ್ ಸೀಮೆಯಲ್ಲಿ 1890ರಿಂದ ಬಂದ ಒಪಿನೆಲ್ ಚಾಕುವಿನ 8ನೇ ಸಂಖ್ಯೆಯದು, ಎಂಟೂವರೆ ಸೆಂ.ಮೀ. ಅಲಗಿದ್ದೂ 45 ಗ್ರಾಂ ಸುಮಾರಿಗೆ ನಿಲ್ಲುತ್ತದೆ. ಅದರ ಹಿಡಿಯೊಳಗೆ ಪಟ್ಟಿಯೇ ಇಲ್ಲ: ಸೀಳಿದ ಮರದ ತುಂಡು, ಒಂದು ಕೀಲು, ಅಲಗನ್ನು ಬಿಗಿಹಿಡಿಯುವ ಉಕ್ಕಿನ ಬಳೆ, ಅಷ್ಟೇ.

ಪ್ರಶ್ನೆ: ಸ್ವಿಸ್ ಚಾಕುವಿನಲ್ಲಿ ನಾನು ಬಳಸದ ಕತ್ತರಿ, ಗರಗಸಗಳನ್ನು ತೆಗೆದುಹಾಕಬಹುದೇ?
- ಓದುಗರೊಬ್ಬರು, ಧಾರವಾಡ

ಉತ್ತರ: ಬಹುದು, ಆದರೆ ಬೇಡ. ಹೊರಗಿನ ಪ್ಲಾಸ್ಟಿಕ್ ಮೈ ಕಳಚಿದರೂ ಒಳಗಿನ ಪದರಗಳನ್ನು ರಿವೆಟ್ ಹಾಕಿ ಬಿಗಿದಿರುತ್ತಾರೆ. ಅದನ್ನು ಕಿತ್ತು, ಅಳತೆಗೆ ಹೊಸದು ಹೊಡೆದು, ಪ್ರತಿ ಸ್ಪ್ರಿಂಗನ್ನೂ ಸರಿಯಾಗಿ ಕೂರಿಸುವುದು ಅಭ್ಯಾಸವಿದ್ದವರ ಕೆಲಸ. ವಿಕ್ಟೋರಿನಾಕ್ಸ್ ಕಂಪನಿಯ ಚಾಕುಗಳಲ್ಲೇ ಹಲವು ಪದರದ ಸ್ವಿಸ್‌ಚಾಂಪ್ 185 ಗ್ರಾಂ ಸುಮಾರು, ಕಡಿಮೆ ಪದರದ ಸ್ಪಾರ್ಟನ್ 60ರ ಆಸುಪಾಸು. ಕಡಿಮೆ ಪದರದ್ದನ್ನು ಕೊಂಡು, ಹಳೆಯದನ್ನು ತಮ್ಮನಿಗೆ ಕೊಡಿ.

ಪ್ರಶ್ನೆ: ಮೊನೆಯನ್ನು ಅರದಿಂದ ಉಜ್ಜಿ ಮೊಂಡು ಮಾಡಿದರೆ ವಿಮಾನದ ಕೈಚೀಲದಲ್ಲಿ ಒಯ್ಯಬಹುದೇ?
- ಓದುಗರೊಬ್ಬರು, ಮಂಗಳೂರು

ಉತ್ತರ: ಇಲ್ಲ. ಭದ್ರತಾ ಸಿಬ್ಬಂದಿಗೆ ಮೊಂಡು ಚಾಕುವೂ ಚಾಕುವೇ. ಕೌಂಟರಿನಲ್ಲಿ ಒಪ್ಪಿಸುವ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಡಿ, ಮೊನೆಯನ್ನು ಸುಮ್ಮನೆ ಕೆಡಿಸಬೇಡಿ.