ಅನಾಥ ಬಾಲಕಿ ಆ್ಯನ್‌ಳ ಕಥೆಯನ್ನು ಹತ್ತು ವರ್ಷದ ಮಗಳ ಕೈಗೆ ಕೊಡಬಹುದೇ?

ನಿಮ್ಮ ಪ್ರಶ್ನೆಯಲ್ಲಿ ಎರಡು ಆತಂಕಗಳಿವೆ. ‘ಆ್ಯನ್ ಆಫ್ ಗ್ರೀನ್ ಗೇಬಲ್ಸ್’ ಕಾದಂಬರಿಯನ್ನು ಓದಿದರೆ ಹತ್ತು ವರ್ಷದ ಮಗಳ ಮನಸ್ಸು ದುಃಖದಿಂದ ಕುಗ್ಗೀತೇ ಎಂಬುದು ಒಂದು. ಮಗು ಒಳ್ಳೆಯದಾಗಿ ನಡೆದುಕೊಂಡರೆ, ಮನೆಯವರ ಉಪಯೋಗಕ್ಕೆ ಬಂದರೆ ಮಾತ್ರ ಅದಕ್ಕೆ ಪ್ರೀತಿ ಸಿಗುತ್ತದೆ ಎಂಬ ಪಾಠವನ್ನು ಈ ಪುಸ್ತಕ ಕಲಿಸೀತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ: ಧೈರ್ಯವಾಗಿ ಕೊಡಿ. ಇದರಲ್ಲಿ ಅಳುವಿಗಿಂತ ನಗುವೇ ಹೆಚ್ಚು. ಕೊನೆಯ ಅಧ್ಯಾಯಗಳಲ್ಲಿ ಒಂದು ಸಾವು ಬರುತ್ತದೆ. ಆಗ ನೀವು ಪಕ್ಕದಲ್ಲಿದ್ದರೆ ಸಾಕು. ಎರಡನೆಯ ಆತಂಕ ಆಳವಾದದ್ದು. ನನ್ನ ಓದಿನ ಪ್ರಕಾರ, ಕಾದಂಬರಿ ಎದುರಿಸಿ ನಿಲ್ಲುವುದು ಅದೇ ನಂಬಿಕೆಯನ್ನು.

ಲೂಸಿ ಮಾಡ್ ಮಾಂಟ್‌ಗೊಮೆರಿ ಬರೆದ ಈ ಕಾದಂಬರಿ 1908ರಲ್ಲಿ ಪ್ರಕಟವಾಯಿತು. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಒಂದು ಹಳ್ಳಿಯಲ್ಲಿ ಮ್ಯಾಥ್ಯೂ ಮತ್ತು ಮರಿಲಾ ಎಂಬ ಅಣ್ಣ ತಂಗಿಯರಿದ್ದಾರೆ. ಇಬ್ಬರೂ ಮದುವೆಯಾಗದೆ ವಯಸ್ಸಾದವರು. ಅರವತ್ತು ದಾಟುತ್ತಿರುವ ಮ್ಯಾಥ್ಯೂಗೆ ಹೊಲದ ಕೆಲಸದಲ್ಲಿ ನೆರವಾಗಲೆಂದು ಅವರು ಅನಾಥಾಶ್ರಮದಿಂದ ಒಬ್ಬ ಹುಡುಗನನ್ನು ಕೇಳಿರುತ್ತಾರೆ. ತಪ್ಪು ತಿಳುವಳಿಕೆಯಿಂದ ಹನ್ನೊಂದು ವರ್ಷದ ಹುಡುಗಿ ಬಂದು ರೈಲು ನಿಲ್ದಾಣದಲ್ಲಿ ಕಾಯುತ್ತಾಳೆ. ಆ ಕಾಲದಲ್ಲಿ ಅನಾಥ ಮಗುವನ್ನು ಮನೆಗೆ ತರುವುದೆಂದರೆ ಎಷ್ಟೋ ಕಡೆ ದುಡಿಯುವ ಎರಡು ಕೈಗಳನ್ನು ತರುವುದೇ ಆಗಿತ್ತು. 1869ರಿಂದ ಮುಂದಿನ ಹಲವು ದಶಕಗಳಲ್ಲಿ ಬ್ರಿಟನ್ನಿನಿಂದ ಸುಮಾರು ಒಂದು ಲಕ್ಷ ಮಕ್ಕಳನ್ನು ಕೆನಡಾಕ್ಕೆ ಕಳುಹಿಸಲಾಯಿತು. ಅವರಲ್ಲಿ ಬಹಳಷ್ಟು ಮಂದಿ ಹೊಲಗಳಲ್ಲೂ ಮನೆಗೆಲಸದಲ್ಲೂ ದುಡಿದರು. ಲಂಡನ್ನಿನ ಹುಡುಗ ತನಗೆ ಬೇಡ ಎಂದು ಮರಿಲಾ ನೆರೆಯವಳ ಮುಂದೆ ಹೇಳುವ ಮಾತಿನ ಹಿಂದೆ ಈ ಇತಿಹಾಸವಿದೆ.

ಆ್ಯನ್ ಕೂಡ ಹಾಗೆ ದುಡಿದೇ ಬೆಳೆದವಳು. ಅವಳು ಮೂರು ತಿಂಗಳ ಕೂಸಾಗಿದ್ದಾಗ ಶಿಕ್ಷಕರಾಗಿದ್ದ ತಂದೆ ತಾಯಿ ಜ್ವರದಿಂದ ತೀರಿಕೊಳ್ಳುತ್ತಾರೆ. ಆಮೇಲೆ ಒಂದು ಮನೆಯಲ್ಲಿ ಕಿರಿಯ ಮಕ್ಕಳನ್ನು ನೋಡಿಕೊಳ್ಳುವುದು, ಅಲ್ಲಿಂದ ಮೂರು ಜೋಡಿ ಅವಳಿಗಳಿದ್ದ ಇನ್ನೊಂದು ಮನೆ, ಕೊನೆಗೆ ಅನಾಥಾಶ್ರಮ. ಆ ಹೆಂಗಸರು ನಿನ್ನನ್ನು ಚೆನ್ನಾಗಿ ನೋಡಿಕೊಂಡರೇ ಎಂದು ಮರಿಲಾ ಕೇಳಿದಾಗ ಹುಡುಗಿಯ ಮುಖ ಕೆಂಪೇರುತ್ತದೆ. ಚೆನ್ನಾಗಿ ನೋಡಿಕೊಳ್ಳಬೇಕೆಂಬ ಮನಸ್ಸು ಅವರಿಗಿತ್ತು, ಆದರೆ ಅವರಿಗೂ ಕಷ್ಟಗಳಿದ್ದವಲ್ಲ ಎಂದು ಅವಳು ತಡವರಿಸಿ ಅವರ ಪರವಾಗಿಯೇ ಮಾತನಾಡುತ್ತಾಳೆ. ತನಗೆ ಸಿಗದೇ ಹೋದ ಪ್ರೀತಿಗೂ ತಾನೇ ಸಮಜಾಯಿಷಿ ಹುಡುಕುವ ಮಗುವಿನ ಚಿತ್ರ ಇದು. ಗದ್ಗದವಾಗುವಂತಹ ಒಂದು ಮಾತನ್ನೂ ಬಳಸದೆ ಲೇಖಕಿ ಇದನ್ನು ಸಾಧಿಸಿರುವುದು ನನಗೆ ಇಂದಿಗೂ ಅಚ್ಚರಿ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಈ ಹುಡುಗಿಯಿಂದ ನಮಗೇನು ಪ್ರಯೋಜನ ಎಂದು ಮರಿಲಾ ಕೇಳುತ್ತಾಳೆ. ಬಾಯಿ ಬಿಟ್ಟು ಮಾತನಾಡದ ಮ್ಯಾಥ್ಯೂ, ನಮ್ಮಿಂದ ಅವಳಿಗೇನಾದರೂ ಪ್ರಯೋಜನವಾಗಬಹುದಲ್ಲ ಎನ್ನುತ್ತಾನೆ. ಇಡೀ ಕಾದಂಬರಿ ಈ ಒಂದು ಉತ್ತರದ ಮೇಲೆ ನಿಂತಿದೆ. ಮರುದಿನ ಹುಡುಗಿಯನ್ನು ಹಿಂತಿರುಗಿಸಲೆಂದು ಮರಿಲಾ ಹೋದಾಗ, ಮಗುವನ್ನು ನೋಡಿಕೊಳ್ಳಲು ಆಳು ಬೇಕಾಗಿದ್ದ ಬ್ಲೂಯೆಟ್ ಎಂಬ ಹೆಂಗಸು ಅಲ್ಲಿಗೆ ಬರುತ್ತಾಳೆ. ಆ್ಯನ್‌ಳನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿ, ತಿನ್ನುವ ಅನ್ನಕ್ಕೆ ತಕ್ಕಂತೆ ದುಡಿಯಬೇಕು ಎನ್ನುತ್ತಾಳೆ. ಹುಡುಗಿಯ ಬಿಳಿಚಿದ ಮುಖವನ್ನು ನೋಡಿದ ಮರಿಲಾಗೆ ಅವಳನ್ನು ಬಿಟ್ಟುಕೊಡಲು ಮನಸ್ಸಾಗುವುದಿಲ್ಲ. ಆ ಹೊತ್ತಿಗೆ ಆ್ಯನ್ ಯಾವ ಗುಣವನ್ನೂ ತೋರಿಸಿ ಗೆದ್ದಿರಲಿಲ್ಲ, ಮನೆಯವರಿಗಾಗಿ ಯಾವ ಕೆಲಸವನ್ನೂ ಮಾಡಿ ಮೆಚ್ಚಿಸಿರಲಿಲ್ಲ ಎಂಬುದನ್ನು ನಿಮ್ಮ ಮಗಳ ಗಮನಕ್ಕೆ ತಂದರೆ ಒಳ್ಳೆಯದು.

ಮನೆ ಸಿಕ್ಕ ಕೂಡಲೇ ಮನೆಯವಳಾಗುವುದಿಲ್ಲ ಎಂಬ ಸತ್ಯವನ್ನೂ ಪುಸ್ತಕ ಮುಚ್ಚಿಡುವುದಿಲ್ಲ. ನಿಮ್ಮನ್ನು ಚಿಕ್ಕಮ್ಮ ಎಂದು ಕರೆಯಲೇ, ಆಗ ನಾನು ನಿಜವಾಗಿಯೂ ನಿಮ್ಮವಳು ಎನಿಸುತ್ತದೆ ಎಂದು ಆ್ಯನ್ ಕೇಳುತ್ತಾಳೆ. ಇಲ್ಲದ ಸಂಬಂಧವನ್ನು ಹೇಳಿಕೊಳ್ಳುವುದು ತನಗೆ ಹಿಡಿಸದು ಎಂದು ಮರಿಲಾ ನಿರಾಕರಿಸುತ್ತಾಳೆ. ಹಿಂದಿನ ಮನೆಯ ಪುಸ್ತಕದ ಬೀರುವಿನ ಗಾಜಿನಲ್ಲಿ ಕಾಣುತ್ತಿದ್ದ ತನ್ನದೇ ಪ್ರತಿಬಿಂಬಕ್ಕೆ ಕೇಟಿ ಮಾರಿಸ್ ಎಂದು ಹೆಸರಿಟ್ಟು ಗೆಳತಿ ಮಾಡಿಕೊಂಡಿದ್ದನ್ನು ಆ್ಯನ್ ವಿವರಿಸುವುದೂ ಅದೇ ಅಧ್ಯಾಯದಲ್ಲಿ. ಈ ಗೆಳತಿ ಮಾಂಟ್‌ಗೊಮೆರಿಯವರ ಸ್ವಂತ ಬಾಲ್ಯದಿಂದ ಬಂದವಳು. ಅವರಿಗೆ ಎರಡು ವರ್ಷ ತುಂಬುವ ಮೊದಲೇ ತಾಯಿ ಕ್ಷಯದಿಂದ ತೀರಿಕೊಂಡರು, ತಂದೆ ಪಶ್ಚಿಮ ಕೆನಡಾಕ್ಕೆ ಹೋದರು, ಬೆಳೆಸಿದವರು ತಾಯಿಯ ತಂದೆ ತಾಯಿ. ಒಂಟಿತನದ ಇಂತಹ ವಿವರಗಳು ಎಲ್ಲಿಯೂ ಕೃತಕವೆನಿಸದಿರಲು ಅದೇ ಕಾರಣವಿರಬೇಕು.

ನಿಮ್ಮ ಆತಂಕಕ್ಕೆ ಸ್ವಲ್ಪ ಆಧಾರ ಕೊಡುವ ಭಾಗವೂ ಒಂದಿದೆ. ಮ್ಯಾಥ್ಯೂ ತೀರಿಕೊಂಡ ಮೇಲೆ, ಕಣ್ಣು ಮಂಜಾಗುತ್ತಿರುವ ಮರಿಲಾಳ ಜೊತೆಗಿದ್ದು ಮನೆ ಉಳಿಸಿಕೊಳ್ಳಲೆಂದು ಆ್ಯನ್ ತನಗೆ ಬಂದ ವಿದ್ಯಾರ್ಥಿವೇತನವನ್ನು ಬಿಡುತ್ತಾಳೆ. ಕೊನೆಗೂ ಹುಡುಗಿ ಋಣ ತೀರಿಸಬೇಕಾಯಿತಲ್ಲ ಎಂದು ಆಕ್ಷೇಪಿಸುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಓದಿನಲ್ಲಿ ಅಷ್ಟು ಮುಂದಿದ್ದ ಹುಡುಗಿ ಹಿಂದೆ ಸರಿಯುವುದು ನನಗೂ ನೋವು ತರುತ್ತದೆ. ಆದರೆ ಘಟನೆಗಳ ಕ್ರಮವನ್ನು ನೋಡಿ. ನಾನು ಹುಡುಗನಾಗಿದ್ದರೆ ನಿಮಗೆ ಎಷ್ಟು ನೆರವಾಗುತ್ತಿದ್ದೆ ಎಂದು ಅವಳು ಕೊರಗಿದಾಗ, ಹನ್ನೆರಡು ಹುಡುಗರಿಗಿಂತ ನೀನೇ ನನಗೆ ಬೇಕು ಎಂದು ಮ್ಯಾಥ್ಯೂ ಸಾಯುವ ಹಿಂದಿನ ಸಂಜೆ ಹೇಳಿರುತ್ತಾನೆ. ಅವನು ಹೋದ ರಾತ್ರಿ, ನೀನು ನನ್ನ ರಕ್ತ ಹಂಚಿಕೊಂಡು ಹುಟ್ಟಿದವಳಷ್ಟೇ ಪ್ರಿಯಳು ಎಂದು ಮರಿಲಾ ಕೂಡ ಬಾಯಿಬಿಟ್ಟು ಹೇಳುತ್ತಾಳೆ. ಆ್ಯನ್ ತ್ಯಾಗದ ನಿರ್ಧಾರವನ್ನು ತಿಳಿಸುವುದು ಇವೆರಡೂ ಆದ ಮೇಲೆ, ಅದೂ ಮರಿಲಾ ಬೇಡವೆಂದರೂ ಕೇಳದೆ. ಅವಳು ಪ್ರೀತಿಗೆ ಬೆಲೆ ತೆರುತ್ತಿಲ್ಲ, ತನ್ನದೇ ಮನೆಯನ್ನು ಕಾಯುತ್ತಿದ್ದಾಳೆ.

ಸಾಧ್ಯವಾದರೆ 38 ಅಧ್ಯಾಯಗಳ ಪೂರ್ಣ ಪಠ್ಯವನ್ನೇ ಕೊಡಿಸಿ. ಮಕ್ಕಳಿಗಾಗಿ ಸಂಕ್ಷೇಪಿಸಿದ ಪ್ರತಿ ಕೊಳ್ಳುವುದಾದರೆ, ಆರನೇ ಅಧ್ಯಾಯದ ಬ್ಲೂಯೆಟ್ ಪ್ರಸಂಗವೂ ಚಿಕ್ಕಮ್ಮ ಎಂದು ಕರೆಯಲು ಕೇಳುವ ಪ್ರಸಂಗವೂ ಅದರಲ್ಲಿ ಉಳಿದಿವೆಯೇ ಎಂದು ಮೊದಲು ನೋಡಿಕೊಳ್ಳಿ.